ನಂದಾ ಬರೆದ ಕಾನೂನು, ಸಾಮಂತ್ ಹಿಂದೆ ನಿಂತ ಕಾರ್ಮಿಕರು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಿನಿಂದ ಚರ್ಚೆಯೆಲ್ಲ 300ರ ಸುತ್ತಲೇ ನಡೀತಿದೆ. ಅಷ್ಟು ಕಾರ್ಮಿಕರಿಲ್ಲದ ಕಾರ್ಖಾನೆ ಇನ್ನು ಸರ್ಕಾರದ ಅನುಮತಿ ಕೇಳದೆ ಜನರನ್ನು ಕೆಲಸದಿಂದ ತೆಗೀಬಹುದು. ಇದು ದೊಡ್ಡ ವಿಷಯವೇ. ಆದರೆ ನನಗೆ ಅಷ್ಟೇ ಮುಖ್ಯ ಅನ್ನಿಸೋದು 51. ಒಂದೇ ಕಡೆ ಹಲವು ಯೂನಿಯನ್‌ಗಳಿದ್ದರೆ, ಶೇ. 51ರಷ್ಟು ಕಾರ್ಮಿಕರ ಬೆಂಬಲ ಇರೋ ಒಂದೇ ಯೂನಿಯನ್ ಮಾಲೀಕರ ಜೊತೆ ಮಾತುಕತೆಗೆ ಕೂರುತ್ತೆ.

ಕಾರ್ಮಿಕರ ಪರವಾಗಿ ಮಾತಾಡೋದು ಯಾರು? ಈ ಪ್ರಶ್ನೆಗೆ ಹಿಂದೆ ಕಾನೂನಿನಲ್ಲೇ ಉತ್ತರ ಬರೆದವರು ಕಾರ್ಖಾನೆ ಮಾಲೀಕರಲ್ಲ, ಒಬ್ಬ ಯೂನಿಯನ್ ನಾಯಕ.

ಗುಲ್ಜಾರಿಲಾಲ್ ನಂದಾ ಅಂದ್ರೆ ನಮಗೆ ನೆನಪಾಗೋದು ಎರಡು ಸಲ ಹಂಗಾಮಿ ಪ್ರಧಾನಿಯಾದವರು ಅಂತ. ಅದಕ್ಕೂ ಮೊದಲು, 1922ರಿಂದ 1946ರವರೆಗೆ, ಅವರು ಅಹಮದಾಬಾದಿನ ಜವಳಿ ಕಾರ್ಮಿಕರ ಸಂಘ 'ಮಜೂರ್ ಮಹಾಜನ್'ನ ಕಾರ್ಯದರ್ಶಿ. 1918ರ ಗಿರಣಿ ಮುಷ್ಕರದಲ್ಲಿ ಗಾಂಧಿ ಮತ್ತು ಅನಸೂಯಾ ಸಾರಾಭಾಯಿ ಹಾಕಿದ ಬುನಾದಿಯ ಮೇಲೆ ನಿಂತ ಸಂಘ ಅದು. ಜಗಳ ಬಂದರೆ ಮೊದಲು ಮಾತುಕತೆ, ಆಮೇಲೆ ಪಂಚಾಯ್ತಿ, ಮುಷ್ಕರ ಕಟ್ಟಕಡೆಗೆ. ಅಹಮದಾಬಾದಿನಲ್ಲಿ ಇದು ನಡೀತು. ಎರಡೂ ಕಡೆಯವರು ಒಪ್ಪಿಕೊಳ್ಳೋ ಗಾಂಧಿಯಂಥ ಪಂಚರಿದ್ದರು, ಎದುರಾಳಿ ಯೂನಿಯನ್‌ಗಳ ಬಲ ಕಡಿಮೆ ಇತ್ತು.

ನಂದಾ 1946ರಲ್ಲಿ ಬಾಂಬೆ ಪ್ರಾಂತ್ಯದ ಕಾರ್ಮಿಕ ಸಚಿವರಾದರು. ಅದೇ ವರ್ಷ 'ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆ' ಬಂತು. ಒಂದು ಊರಿನ ಒಂದು ಉದ್ಯಮಕ್ಕೆ ಒಂದೇ 'ಪ್ರಾತಿನಿಧಿಕ ಯೂನಿಯನ್'. ಆ ಮಾನ್ಯತೆಗೆ ಬಹುಮತವೂ ಬೇಕಿರಲಿಲ್ಲ, ಗುಪ್ತ ಮತದಾನವೂ ಇರಲಿಲ್ಲ. ಸಂಧಾನದ ಮೆಟ್ಟಿಲು ಹತ್ತದೆ ಮುಷ್ಕರಕ್ಕಿಳಿದರೆ ಅದು ಅಕ್ರಮ. ಅಂದರೆ, ಒಂದು ಊರಿನ ಒಂದು ಸಂಘದ ಅನುಭವ ಇಡೀ ಪ್ರಾಂತ್ಯದ ಕಾನೂನಾಯಿತು.

ಅಪಾಯ ಯಾರಿಗೂ ಕಾಣಿಸಿರಲಿಲ್ಲ ಅನ್ನೋ ಹಾಗಿಲ್ಲ. ಇದಕ್ಕೂ ಮೊದಲಿನ 1938ರ ಮಸೂದೆ ಮುಷ್ಕರದ ಹಕ್ಕನ್ನು ಕಸಿಯುತ್ತೆ ಅಂತ ಅಂಬೇಡ್ಕರ್ ಸದನದಲ್ಲೇ ವಿರೋಧಿಸಿದ್ದರು. ಅವರ ಪಕ್ಷ ಮತ್ತು ಕಮ್ಯುನಿಸ್ಟರು ಸೇರಿ ಆ ನವೆಂಬರ್ 7ರಂದು ಬಾಂಬೆಯಲ್ಲಿ ಒಂದು ದಿನದ ಮುಷ್ಕರವನ್ನೂ ಮಾಡಿದ್ದರು.

1982ರ ಜನವರಿಯಲ್ಲಿ ಆ ಅಪಾಯ ಬೀದಿಗೇ ಬಂತು. ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತ್ ಹಿಂದೆ ನಿಂತರು. ಆದರೆ ಕಾನೂನಿನ ಮಾನ್ಯತೆ ಇದ್ದದ್ದು ಇಂಟಕ್‌ಗೆ ಸೇರಿದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಹಾಗಾಗಿ ಸಂಬಳದ ಜೊತೆಗೆ ಆ ಕಾಯ್ದೆ ರದ್ದಾಗಬೇಕು ಅನ್ನೋದೂ ಅವರ ಬೇಡಿಕೆಯಾಗಿತ್ತು. ಎರಡೂ ಸಿಗಲಿಲ್ಲ. ಮುಷ್ಕರ ವರ್ಷ ದಾಟಿತು, ಸಾವಿರಾರು ಜನ ಮತ್ತೆ ಕೆಲಸದ ಮುಖ ನೋಡಲೇ ಇಲ್ಲ.

ನಂದಾ ಕಾರ್ಮಿಕರಿಗೆ ದ್ರೋಹ ಬಗೆದರು ಅಂತ ನಾನು ಹೇಳ್ತಿಲ್ಲ. ಅವರ ಪ್ರಾಮಾಣಿಕತೆ ಬಗ್ಗೆ ವಿರೋಧಿಗಳಿಗೂ ಅನುಮಾನ ಇರಲಿಲ್ಲ. ತೊಡಕು ಇರೋದು ಅಲ್ಲೇ. ಯೂನಿಯನ್‌ನಿಂದ ಬಂದವರು ಮಂತ್ರಿಯಾದರೆ 'ನಮ್ಮವರು' ಅಂತ ನಾವು ಸಂಭ್ರಮಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ: ಅವರದ್ದಲ್ಲದ ಯೂನಿಯನ್‌ಗೆ ಅವರ ಕಾನೂನಿನಲ್ಲಿ ಜಾಗ ಇದೆಯಾ? ರೈಲ್ವೆ ಯೂನಿಯನ್‌ನಿಂದ ಬಂದ ವಿ.ವಿ. ಗಿರಿ ಕೇಂದ್ರ ಕಾರ್ಮಿಕ ಸಚಿವರಾದಾಗ ಬೇರೆ ದಾರಿ ಹುಡುಕಿದ್ದರು. ಸರ್ಕಾರದ ಕಡ್ಡಾಯ ತೀರ್ಪಿಗಿಂತ ಎರಡೂ ಕಡೆಯವರ ನೇರ ಚೌಕಾಸಿಯೇ ಮೇಲು ಅನ್ನೋದು ಅವರ ವಾದ. ಬ್ಯಾಂಕ್ ನೌಕರರ ಪರ ಬಂದ ತೀರ್ಪನ್ನು ಸರ್ಕಾರ ತಿದ್ದಿದಾಗ, 1954ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಆ ದಾರಿಯೂ ಅಲ್ಲಿಗೇ ನಿಂತಿತು.

ಹೊಸ ಸಂಹಿತೆಯಲ್ಲಿ ಬಹುಮತದ ಷರತ್ತಿದೆ, ಯಾರಿಗೂ ಶೇ. 51 ಸಿಗದಿದ್ದರೆ ಶೇ. 20 ದಾಟಿದ ಯೂನಿಯನ್‌ಗಳ ಮಂಡಳಿ ಮಾಡೋಕೂ ಅವಕಾಶ ಇದೆ. ಆ ಮಟ್ಟಿಗೆ ಇದು 1946ರ ಕಾಯ್ದೆಗಿಂತ ವಾಸಿ. ಆದರೆ ಬೆಂಬಲವನ್ನು ಅಳೆಯೋದು ಹೇಗೆ ಅನ್ನೋದನ್ನು ನಿಯಮಗಳಿಗೆ ಬಿಡಲಾಗಿದೆ. ಬಹುತೇಕ ಖಾಸಗಿ ಕಾರ್ಖಾನೆಗಳ ಮಟ್ಟಿಗೆ ಆ ನಿಯಮ ಬರೆಯೋದು ರಾಜ್ಯ ಸರ್ಕಾರ.

2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನೆನಪಿಸಿಕೊಳ್ಳಿ. ಅವರನ್ನು ಯಾವ ಯೂನಿಯನ್ನೂ ಕರೆತಂದಿರಲಿಲ್ಲ, ಆದರೂ ಕೇಂದ್ರ ಮಣಿಯಿತು. ಅಂಥವರ ಪರವಾಗಿ ಯಾರು ಮಾತಾಡಬೇಕು ಅನ್ನೋದನ್ನು ಸದಸ್ಯತ್ವದ ರಿಜಿಸ್ಟರ್ ನೋಡಿ ಅಧಿಕಾರಿ ಹೇಳಬಾರದು. ಗುಪ್ತ ಮತದಾನದಲ್ಲಿ ಅವರೇ ಹೇಳಬೇಕು. ನಮ್ಮ ಕಾರ್ಮಿಕ ಇಲಾಖೆ ನಿಯಮಗಳಲ್ಲಿ ಈ ಒಂದು ಸಾಲು ಸೇರಿಸಿದರೂ ಸಾಕು, ಮುಂಬೈನ ಗಿರಣಿ ಕಾರ್ಮಿಕರಿಗೆ ಸಿಗದೇ ಹೋದದ್ದು ಇವರಿಗಾದರೂ ಸಿಗುತ್ತೆ.