ಮಳೆ ಹೊಡೆಯುತ್ತಿತ್ತು, ಕ್ಯಾಮೆರಾ ಕಾಯುತ್ತಿತ್ತು

ಟಾಪಿನ ಮೇಲೆ ಮೂಟೆ ಜಾಸ್ತಿ ಬಿದ್ದರೆ ನಮ್ಮ ಬಸ್ ಡ್ರೈವರ್ ಕಂಡಕ್ಟರನ ಮೇಲೆ ರೇಗುತ್ತಾನೆ, ಆಮೇಲೆ ಹೊರಟೇ ಬಿಡುತ್ತಾನೆ. ಘಾಟಿ ಬಂದರೆ ಗೇರ್ ಇಳಿಸಿದರಾಯಿತು. ಸಣ್ಣ ವಿಮಾನದಲ್ಲಿ ಇಳಿಸೋಕೆ ಗೇರೇ ಇಲ್ಲ.

1996ರ ಏಪ್ರಿಲ್ 11ರ ಬೆಳಿಗ್ಗೆ, ಅಮೆರಿಕದ ವಯೋಮಿಂಗ್ ರಾಜ್ಯದ ಶೈಯಾನ್‌ನಲ್ಲಿ ಏಳು ವರ್ಷದ ಜೆಸಿಕಾ ಡುಬ್ರಾಫ್ ಒಂದೇ ಇಂಜಿನಿನ ಸೆಸ್ನಾ ವಿಮಾನ ಹತ್ತಿದಳು. ದೇಶವನ್ನು ಅಡ್ಡಲಾಗಿ ದಾಟಿದ ಅತಿ ಕಿರಿಯಳು ಅನ್ನಿಸಿಕೊಳ್ಳಬೇಕೆಂದು ಹಿಂದಿನ ದಿನವಷ್ಟೇ ಕ್ಯಾಲಿಫೋರ್ನಿಯಾ ಬಿಟ್ಟಿದ್ದಳು. ಹೊರಗೆ ನೋಡೋಕೆ ಸೀಟಿಗೆ ದಿಂಬು. ಕಾಲು ಎಟುಕಲಿ ಅಂತ ಪೆಡಲಿಗೆ ಜೋಡಣೆ. ಪಕ್ಕದಲ್ಲಿ ತರಬೇತುದಾರ, ಹಿಂದೆ ತಂದೆ.

ಗುಡುಗು, ಮಳೆ, ಬೀಸುಗಾಳಿ. ಆ ನಿಲ್ದಾಣವೇ ಸಮುದ್ರಮಟ್ಟಕ್ಕಿಂತ ಆರು ಸಾವಿರ ಅಡಿ ಮೇಲಿದೆ. ವಿಮಾನದಲ್ಲಿ ಮಿತಿಗಿಂತ ಸುಮಾರು 43 ಕಿಲೊ ಹೆಚ್ಚು ಭಾರ. ಆದರೂ ಎದ್ದರು. ಮಳೆಮೋಡ ತಪ್ಪಿಸಲು ಬಲಕ್ಕೆ ತಿರುಗಿಸುತ್ತಿದ್ದಾಗ ವೇಗ ಸಾಲದೆ ವಿಮಾನ ಕುಸಿಯಿತು. ರನ್‌ವೇಯಿಂದ ಒಂದು ಮೈಲಿಯೂ ಇಲ್ಲದ ಮನೆಗಳ ಬೀದಿಯಲ್ಲಿ ಬಿತ್ತು. ಮೂವರೂ ಸತ್ತರು.

ಮಗು ಬೀಳಿಸಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಮಾನ ತರಬೇತುದಾರನ ಕೈಯಲ್ಲೇ ಇತ್ತು ಅಂತ ತನಿಖೆ ಹೇಳಿತು. ಲೈಸೆನ್ಸ್ ಇದ್ದವನ ಕೈಯಲ್ಲಿ!

ಕಾರಣ ಕಷ್ಟದ್ದೇನಲ್ಲ. ರೆಕ್ಕೆ ಎತ್ತುವುದು ಹರಿಯುವ ಗಾಳಿಯಿಂದ. ಎತ್ತರದ ಊರಲ್ಲಿ ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. ರೆಕ್ಕೆಗೂ ಪಂಖಕ್ಕೂ ಹಿಡಿತ ಕಮ್ಮಿ, ಇಂಜಿನ್ನಿಗೂ ಉಸಿರು ಕಮ್ಮಿ. ನೆಲದ ಮೇಲೆ ಹೆಚ್ಚು ದೂರ ಓಡಬೇಕು, ನಿಧಾನ ಏರಬೇಕು. ಮೇಲೇಳುತ್ತಿಲ್ಲ ಅಂತ ಗಾಬರಿಯಲ್ಲಿ ಮೂತಿ ಎತ್ತಿದರೆ ವೇಗ ಇನ್ನೂ ಇಳಿಯುತ್ತೆ. ಒಂದು ಹಂತ ದಾಟಿದ ಮೇಲೆ ಗಾಳಿ ರೆಕ್ಕೆಯನ್ನು ಬಿಟ್ಟೇ ಬಿಡುತ್ತದೆ. ಅದಕ್ಕೇ ಸ್ಟಾಲ್ ಅನ್ನುವುದು. ಇಂಜಿನ್ ನಿಂತಿರುವುದಿಲ್ಲ, ಭರ್ರೆಂದು ಓಡುತ್ತಲೇ ಇರುತ್ತದೆ. ವಿಮಾನ ವಾಲಿಸಿ ತಿರುಗಿಸಿದರೆ ಸ್ಟಾಲ್ ಇನ್ನೂ ಬೇಗ. ಮೂತಿ ತಗ್ಗಿಸಿದರೆ ವೇಗ ಮತ್ತೆ ಬಂದೀತು, ಆದರೆ ಕೆಳಗೆ ಜಾಗ ಬೇಕಲ್ಲ? ಮೂರು ಸಾವಿರ ಅಡಿಯಲ್ಲಿದ್ದರೆ ಪಾಠ, ಮುನ್ನೂರು ಅಡಿಯಲ್ಲಿದ್ದರೆ ಶವಪರೀಕ್ಷೆ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಆ ಮಳೆಯಲ್ಲಿ ಯಾಕೆ ಹೊರಟ? ತನಿಖಾ ಮಂಡಳಿ ಮುಚ್ಚುಮರೆ ಮಾಡಲಿಲ್ಲ. ಅತಿಯಾಸೆಯ ವೇಳಾಪಟ್ಟಿ, ಅದಕ್ಕೆ ಒತ್ತಾಸೆಯಾಗಿ ಪತ್ರಿಕೆ, ಟಿವಿಯವರಿಗೆ ಕೊಟ್ಟ ಮಾತು. ಊರೂರಲ್ಲಿ ಕ್ಯಾಮೆರಾ ಕಾಯುತ್ತಿತ್ತು. ಒಂದು ಟಿವಿ ಸಂಸ್ಥೆ ತಂದೆಯ ಕೈಗೇ ಕ್ಯಾಮೆರಾ, ಕ್ಯಾಸೆಟ್ ಕೊಟ್ಟು ಕಳಿಸಿತ್ತು. ಇನ್ನೊಂದು ಕೇಳಿ: ಕಿರಿಯ ಪೈಲಟ್ ದಾಖಲೆಯನ್ನು ಗಿನ್ನೆಸ್ ಪುಸ್ತಕದವರು, ಅಪಾಯ ಅಂತ, ಅದಕ್ಕೆ ಏಳು ವರ್ಷ ಮೊದಲೇ ಕೈಬಿಟ್ಟಿದ್ದರು. ಇಲ್ಲದ ದಾಖಲೆಗೆ ಮೂರು ಜೀವ.

ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. ಸರ್ಕಾರಿ ವಿಮಾನ ತರಬೇತಿ ಶಾಲೆ ಇರುವ ಜಕ್ಕೂರು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿನ ಏಪ್ರಿಲ್ ಬಿಸಿಲು ಬೆಂಗಳೂರಿನವರನ್ನೇ ಕೇಳಿ. ಬೆಳಗಾವಿಯಲ್ಲಿ 2023ರ ಮೇ 30ರಂದು ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತೊಂದರೆಯಾಗಿ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಇಬ್ಬರೂ ಬದುಕಿದರು. ಹೊಲವಾದರೆ ಹೊಲ, ಹಿಡಿತ ಕೈಯಲ್ಲಿರುವಾಗಲೇ ಇಳಿಸಿದರೆ ಬದುಕಲು ದಾರಿ ಇರುತ್ತೆ.

ಶೈಯಾನ್ ಆದಮೇಲೆ ಅಮೆರಿಕದವರು ಅದೇ ವರ್ಷ ಅಕ್ಟೋಬರಿನಲ್ಲಿ ಕಾನೂನು ತಂದರು: ಪೈಲಟ್ ಲೈಸೆನ್ಸ್ ಇಲ್ಲದವರ ಕೈಗೆ ದಾಖಲೆಗೋಸ್ಕರ ವಿಮಾನ ಕೊಡುವಂತಿಲ್ಲ. ನಮ್ಮಲ್ಲೂ ಎಂಟು ವರ್ಷದ ಹುಡುಗನ ಸಾಹಸ ಅಂತ ಫೋಟೊ ಹಿಡಿದು ಪತ್ರಿಕೆಯ ಮೆಟ್ಟಿಲು ಹತ್ತುವ ಅಪ್ಪಂದಿರಿದ್ದಾರೆ. ಫೋಟೊ ಇಸ್ಕೊಳ್ಳುವ ಸಂಪಾದಕರು ಮೊದಲು ಒಂದು ಮಾತು ಕೇಳಲಿ: ಸ್ವಾಮಿ, ಮಳೆ ಬಂದರೆ ನಿಲ್ಲಿಸುವವರು ಯಾರು?