ದಂತವೈದ್ಯರೂ ವಿಮಾಪತ್ರವೂ

ವೈದ್ಯವೃತ್ತಿಯು ಪವಿತ್ರವಾದುದೆಂಬ ಮಾತನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಹಣ ಪಡೆದು ಮಾಡುವ ಚಿಕಿತ್ಸೆಯು ಕಾನೂನಿನ ಕಣ್ಣಿಗೆ ಒಂದು ಸೇವೆಯೇ ಆಗಿರುತ್ತದೆಂದು ಸರ್ವೋಚ್ಚ ನ್ಯಾಯಾಲಯವು, ಭಾರತೀಯ ವೈದ್ಯ ಸಂಘ ಮತ್ತು ವಿ. ಪಿ. ಶಾಂತಾ ಎಂಬ ಮೊಕದ್ದಮೆಯಲ್ಲಿ, 1995ರ ನವೆಂಬರಿನಲ್ಲಿ ನಿರ್ಣಯಿಸಿತು. ಮೊದಲು 1986ರ ಗ್ರಾಹಕ ಸಂರಕ್ಷಣಾ ಶಾಸನದ ಮೇರೆಗೆ, ಈಗ 2019ರ ಶಾಸನದ ಮೇರೆಗೆ, ರೋಗಿಯು ವಕೀಲರ ನೆರವಿಲ್ಲದೆಯೇ ಪರಿಹಾರವನ್ನು ಕೇಳಬಹುದಾಗಿದೆ. ದಂತವೈದ್ಯರು ಇದಕ್ಕೆ ಹೊರತಲ್ಲ.

ಆದಾಗ್ಯೂ ಅವರಲ್ಲನೇಕರು ವಿಮೆಯ ಮಾತೆತ್ತಿದೊಡನೆ, "ಹಲ್ಲು ಕಿತ್ತರೆ ಯಾರ ಪ್ರಾಣ ಹೋದೀತು?" ಎಂದು ನಗುವುದುಂಟು. ಪ್ರಾಣವೊಂದೇ ಪ್ರಶ್ನೆಯಲ್ಲ. ಕೆಳದವಡೆಯ ಬುದ್ಧಿಹಲ್ಲಿನ ಬೇರಿಗೆ ಅತಿ ಸಮೀಪದಲ್ಲಿಯೇ ತುಟಿಗೆ ಸ್ಪರ್ಶಜ್ಞಾನವನ್ನೀಯುವ ನರವು ಹಾಯ್ದಿರುವುದುಂಟು. ಅದಕ್ಕೆ ಪೆಟ್ಟು ಬಿದ್ದರೆ ತುಟಿಯೂ ಗದ್ದವೂ ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವಮಾನವೆಲ್ಲ, ಮರಗಟ್ಟಿರುವುವು. ನೋಯುವ ಹಲ್ಲನ್ನು ಬಿಟ್ಟು ಪಕ್ಕದ ಹಲ್ಲನ್ನು ಕಿತ್ತ ಪ್ರಸಂಗಗಳೂ ಇಲ್ಲದಿಲ್ಲ. ಸಂಗೀತಗಾರನಿಗೋ ಉಪಾಧ್ಯಾಯನಿಗೋ ಇದು ಸಣ್ಣ ನಷ್ಟವೇ?

ಅನಾಹುತವೆಲ್ಲವೂ ಅಲಕ್ಷ್ಯದ ಫಲವಲ್ಲವೆಂಬುದು ನಿಜ. ಅಲಕ್ಷ್ಯವನ್ನು ರುಜುವಾತುಪಡಿಸುವ ಭಾರವು ಸಾಮಾನ್ಯವಾಗಿ ದೂರುದಾರನ ಮೇಲೆಯೇ ಇದೆ. ಆದರೆ ನಿರಪರಾಧಿಯಾದ ವೈದ್ಯನಿಗೂ ವ್ಯಾಜ್ಯದ ಖರ್ಚು ತಪ್ಪದು. ವಿಮೆಯು ಅದನ್ನೂ, ಗೊತ್ತುಪಡಿಸಿದ ಮೊತ್ತದೊಳಗೆ, ಭರಿಸುತ್ತದೆ. ಇನ್ನು ತಪ್ಪು ನಿಜವೇ ಆಗಿದ್ದ ಪಕ್ಷದಲ್ಲಿ, ತೀರ್ಪನ್ನು ಪಡೆದ ರೋಗಿಗೆ ಹಣ ಬರುವುದೆಲ್ಲಿಂದ? ಸಾಲ ಮಾಡಿ ಕುರ್ಚಿಯನ್ನೂ ಕ್ಷ-ಕಿರಣ ಯಂತ್ರವನ್ನೂ ಕೊಂಡ ಎಳೆಯ ವೈದ್ಯನ ಪೆಟ್ಟಿಗೆಯಲ್ಲಿ ಅಷ್ಟು ದ್ರವ್ಯವಿರುವುದು ಅಪರೂಪ. ಈ ವಿಮೆಯನ್ನು ವೈದ್ಯರ ತಪ್ಪಿಗೆ ಹೊದಿಸುವ ಮುಸುಕೆಂದು ಹಳಿಯುವ ಮಹಾಶಯರು ಇದನ್ನು ಯೋಚಿಸಿದಂತೆ ತೋರುವುದಿಲ್ಲ.

ವಿಮೆಯ ಹೆಸರನ್ನು ಬಲ್ಲವರೂ ಅದರ ಷರತ್ತುಗಳನ್ನು ಓದುವುದು ವಿರಳ. ನಮ್ಮ ಆಕ್ಷೇಪಣೆಯು ಮುಖ್ಯವಾಗಿ ಇಲ್ಲಿಯೇ. ನಮ್ಮ ದೇಶದಲ್ಲಿ ಈ ಬಗೆಯ ವಿಮಾಪತ್ರಗಳು ಸಾಮಾನ್ಯವಾಗಿ, ಚಿಕಿತ್ಸೆ ನಡೆದ ದಿನ ಮಾತ್ರವಲ್ಲ, ಪರಿಹಾರದ ಬೇಡಿಕೆ ಬಂದ ದಿನವೂ ಜಾರಿಯಲ್ಲಿರತಕ್ಕದ್ದು. ದೂರು ಕೊಡಲು ರೋಗಿಗೆ 2 ವರ್ಷಗಳ ಅವಧಿಯುಂಟು. ಈ ವರ್ಷ ಹಲ್ಲು ಕಿತ್ತವನು ಮುಂದಿನ ವರ್ಷ ವಿಮೆಯನ್ನು ನವೀಕರಿಸದೆ ಬಿಟ್ಟನೆಂದರೆ, ಆಮೇಲೆ ನೋಟೀಸು ಬಂದಾಗ ಹಿಂದೆ ಕಟ್ಟಿದ ಕಂತೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದು. ಅಮಲಿನಲ್ಲಿ ಮಾಡಿದ ಕೆಲಸಕ್ಕೂ ಅಪರಾಧಕ್ಕೆ ವಿಧಿಸಿದ ದಂಡಕ್ಕೂ ಇದರಲ್ಲಿ ಆಶ್ರಯವಿಲ್ಲ; ಇರಲೂ ಬಾರದು. ಕೇವಲ ಅಂದಕ್ಕಾಗಿ ಮಾಡುವ ಚಿಕಿತ್ಸೆಯನ್ನು ಹೊರಗಿಡುವ ಪತ್ರಗಳೂ ಉಂಟು. ಹಲ್ಲು ಬೆಳ್ಳಗೆ ಮಾಡುವೆವೆಂದು ಹಲಗೆ ತೂಗಹಾಕಿದವರು ಇದನ್ನು ಎರಡು ಬಾರಿ ಓದುವುದು ಲೇಸು. ಕಂಪೆನಿಗೆ ತಿಳಿಸದೆ ರೋಗಿಯೊಡನೆ ರಾಜಿಗೊಪ್ಪಿದರೆ ಕಂಪೆನಿಯು ಕೈತೊಳೆದುಕೊಳ್ಳಬಹುದು. ಆಸ್ಪತ್ರೆಯ ಹೆಸರಿನಲ್ಲಿರುವ ವಿಮೆಯು ಅಲ್ಲಿ ದುಡಿಯುವ ತನ್ನನ್ನೂ ಕಾಯುವುದೆಂಬ ಭರವಸೆಯೂ ಪತ್ರವನ್ನು ನೋಡದೆ ಇಟ್ಟುಕೊಳ್ಳತಕ್ಕದ್ದಲ್ಲ.

ನಮ್ಮ ನಾಡಿನಲ್ಲಿ ಬೆಂಗಳೂರು, ಮಂಗಳೂರು, ದಾವಣಗೆರೆ, ಧಾರವಾಡ ಮುಂತಾದೆಡೆಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ವಿದ್ಯಾರ್ಥಿಯು ಪದವಿ ಪಡೆದು ಹೊರಬೀಳುವ ಮುನ್ನ ಅವನ ಕೈಗೊಂದು ವಿಮಾಪತ್ರದ ಪ್ರತಿಯನ್ನಿತ್ತು, ಸಣ್ಣಕ್ಷರಗಳನ್ನೂ ಬಿಡದೆ ಓದಿಸುವಂತೆ ಅವುಗಳ ಅಧ್ಯಕ್ಷರನ್ನು ಕೋರುತ್ತೇವೆ. ಅದಕ್ಕೊಂದು ಮಧ್ಯಾಹ್ನ ಸಾಕು.