ಕೇಳಿದ ಮೇಲೆ ಎಣಿಸಬೇಕು

2022ರ ಜನವರಿ 29ರ ರಾತ್ರಿ ಸ್ಪೇನಿನ ಕಡಲತೀರದ ಊರು ಬೆನಿಡೋರ್ಮ್‌ನಲ್ಲಿ ಒಂದು ಹಾಡಿನ ಸ್ಪರ್ಧೆಯ ಫೈನಲ್ ನಡೆಯಿತು. ಫೋನು, ಎಸ್ಸೆಮ್ಮೆಸ್ಸಿನಲ್ಲಿ ಬಂದ ಮತಗಳಲ್ಲಿ ಶೇ. 70.75 ಒಂದೇ ಹಾಡಿಗೆ ಬಿದ್ದಿದ್ದವು. ಆ ಹಾಡು ಮೂರನೆಯ ಸ್ಥಾನಕ್ಕೆ ಬಂತು. ಶೇ. 3.97 ಮತ ಪಡೆದ ಹಾಡು ಗೆದ್ದಿತು. ಇದರಲ್ಲಿ ಮೋಸವಾಗಲಿಲ್ಲ, ನಿಯಮ ಮುರಿಯಲಿಲ್ಲ, ಕಂಪ್ಯೂಟರ್ ಕೆಡಲಿಲ್ಲ. ಎಲ್ಲವೂ ಮೊದಲೇ ಪ್ರಕಟಿಸಿದ ನಿಯಮದಂತೆಯೇ ನಡೆಯಿತು. ಜಗಳ ಆಡಬೇಕಾದದ್ದು ಆ ನಿಯಮದ ಜೊತೆ.

ಬೆನಿಡೋರ್ಮ್ ಫೆಸ್ಟ್ ಇದ್ದದ್ದು ಯೂರೋವಿಷನ್ ಸ್ಪರ್ಧೆಗೆ ಸ್ಪೇನಿನ ಹಾಡನ್ನು ಆರಿಸುವುದಕ್ಕೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳಿಂದ ಶುರುವಾದ ಈ ಸ್ಪರ್ಧೆ ಇವತ್ತು ಯೂರೋಪಿನ ಅತಿ ದೊಡ್ಡ ಟೀವಿ ಜಾತ್ರೆ. ಒಂದು ದೇಶಕ್ಕೆ ಒಂದು ಹಾಡು. ಹಾಡನ್ನು ಆರಿಸುವ ಹೊಣೆ ಆ ದೇಶದ ಪ್ರಸಾರ ಸಂಸ್ಥೆಯದು. ಹೇಗೆ ಆರಿಸಬೇಕೆಂದು ಯಾರೂ ಕಟ್ಟುಪಾಡು ಹಾಕಿಲ್ಲ. ಒಂದು ಕೋಣೆಯಲ್ಲಿ ನಾಲ್ಕು ಜನ ಕೂತು ತೀರ್ಮಾನಿಸಬಹುದು, ಇಡೀ ದೇಶದ ಮುಂದೆ ಸ್ಪರ್ಧೆ ನಡೆಸಲೂಬಹುದು. ಸ್ಪೇನಿನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿವಿಇ ಆ ವರ್ಷ ಎರಡನೆಯ ದಾರಿ ಹಿಡಿಯಿತು. ಮತ ಹಾಕಿ ಎಂದು ಜನರನ್ನು ಕರೆಯಿತು. ಮತ ಹಾಕಲು ದುಡ್ಡು ಕೊಡಬೇಕಿತ್ತು, ಜನ ಕೊಟ್ಟರು.

ಎಪ್ಪತ್ತು ಪಾಲು ಮತ ಪಡೆದ ಹಾಡಿನ ಹೆಸರು 'ತೆರ್ರಾ', ಅಂದರೆ ನೆಲ. ಹಾಡಿದವರು ತಾನ್‌ಶುಗೇಯ್ರಾಸ್ ಎಂಬ ಮೂವರು ಹೆಣ್ಣುಮಕ್ಕಳ ತಂಡ. ಕೈಯಲ್ಲಿ ಹಳ್ಳಿಯ ಖಂಜರಿಯಂಥ ವಾದ್ಯ, ಗಂಟಲಲ್ಲಿ ಗಲೀಸಿಯಾದ ಜನಪದ ಮಟ್ಟು, ಅದಕ್ಕೆ ಇವತ್ತಿನ ಎಲೆಕ್ಟ್ರಾನಿಕ್ ತಾಳ. ಹಾಡಿನ ಭಾಷೆ ಗಲೀಸಿಯನ್. ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ, ಸುಮಾರು 27 ಲಕ್ಷ ಜನರ ಗಲೀಸಿಯಾ ಪ್ರಾಂತ್ಯದ ಭಾಷೆ ಇದು, ಪೋರ್ಚುಗೀಸಿಗೆ ಒಡಹುಟ್ಟು. ಹಾಡಿನ ನಡುವೆ ಗಡಿಗಳನ್ನು ನಿರಾಕರಿಸುವ ಒಂದು ಮಾತನ್ನು ಸ್ಪೇನಿನ ಬೇರೆ ಬೇರೆ ಭಾಷೆಗಳಲ್ಲಿ ಸರದಿಯಾಗಿ ಹೇಳಲಾಗುತ್ತದೆ. ಗೆದ್ದದ್ದು ಕ್ಯೂಬಾದಲ್ಲಿ ಹುಟ್ಟಿ ಕತಲೂನ್ಯಾದಲ್ಲಿ ಬೆಳೆದ ಶನೆಲ್ ಹಾಡಿ ಕುಣಿದ 'ಸ್ಲೋಮೋ', ಸ್ಪ್ಯಾನಿಷಿನಲ್ಲಿ ಅಲ್ಲಲ್ಲಿ ಇಂಗ್ಲಿಷ್ ಬೆರೆತ ಪಾಪ್ ಹಾಡು. ಎರಡನೆಯ ಸ್ಥಾನ ರಿಗೊಬೆರ್ತಾ ಬಂದೀನಿಗೆ.

ಲೆಕ್ಕ ಹೀಗಿತ್ತು. ಒಟ್ಟು ಅಂಕದಲ್ಲಿ ಅರ್ಧ ಪರಿಣತ ತೀರ್ಪುಗಾರರದು. ಉಳಿದ ಅರ್ಧದಲ್ಲಿ ಕಾಲು ಭಾಗ ಫೋನ್ ಮತ, ಇನ್ನು ಕಾಲು ಭಾಗ ದೇಶದ ಜನಸಂಖ್ಯೆಯನ್ನು ಪ್ರತಿನಿಧಿಸುವಂತೆ ಆರಿಸಿದ ಪ್ರೇಕ್ಷಕರ ಒಂದು ಮಾದರಿ ಗುಂಪಿನದು. ತಾನ್‌ಶುಗೇಯ್ರಾಸ್‌ಗೆ ಫೋನ್ ಮತದಲ್ಲೂ ಮಾದರಿ ಗುಂಪಿನಲ್ಲೂ ಮೊದಲ ಸ್ಥಾನ, ಎರಡರಲ್ಲೂ 30 ಅಂಕ. ತೀರ್ಪುಗಾರರಿಂದಲೂ 30. ಒಟ್ಟು 90. ಶನೆಲ್‌ಗೆ ತೀರ್ಪುಗಾರರಿಂದ 51, ಮಾದರಿ ಗುಂಪಿನಿಂದ 25, ಫೋನಿನಿಂದ 20. ಒಟ್ಟು 96. ಬಂದೀನಿಗೆ 46, 20, 25. ಒಟ್ಟು 91.

ಎಲ್ಲರ ಕಣ್ಣೂ ಹೋಗುವುದು ತೀರ್ಪುಗಾರರ 51ರ ಮೇಲೆ. ಅಂದು ಹೋದದ್ದೂ ಅಲ್ಲಿಗೇ. ತೀರ್ಪುಗಾರರಲ್ಲಿ ಒಬ್ಬರು ಗೆದ್ದವರ ಜೊತೆ ಹಿಂದೆ ಕೆಲಸ ಮಾಡಿದ್ದರೆಂಬ ಆಕ್ಷೇಪ ಎದ್ದಿತು, ಗಲೀಸಿಯಾದ ಪಕ್ಷಗಳೂ ಸೇರಿ ಹಲವು ಪಕ್ಷಗಳು ಸಂಸತ್ತಿನವರೆಗೆ ಪ್ರಶ್ನೆ ಒಯ್ದವು. ಇನ್ನು ಕೆಲವರು ಸಿಟ್ಟನ್ನೆಲ್ಲ ಶನೆಲ್ ಮೇಲೆ ಸುರಿದರು. ಆಕೆ ಟ್ವಿಟರ್ ಬಿಟ್ಟು ಹೋಗಬೇಕಾಯಿತು. ಅದು ಹೇಡಿತನ. ನಿಯಮ ಬರೆದದ್ದು ಆಕೆಯಲ್ಲ, ವೇದಿಕೆ ಹತ್ತಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಷ್ಟೇ ಆಕೆಯ ತಪ್ಪು. ಸಿಟ್ಟಿಗೆ ಸರಿಯಾದ ವಿಳಾಸ ಬೇರೆಯೇ ಇತ್ತು. ಅದು 51ರಲ್ಲಿ ಇರಲಿಲ್ಲ, 20ರಲ್ಲಿತ್ತು.

ಶೇ. 70.75 ಮತಕ್ಕೆ 30 ಅಂಕ, ಶೇ. 3.97 ಮತಕ್ಕೆ 20 ಅಂಕ. ಮತದಲ್ಲಿ ಸುಮಾರು ಹದಿನೆಂಟು ಪಟ್ಟು ವ್ಯತ್ಯಾಸ, ಅಂಕದಲ್ಲಿ ಒಂದೂವರೆ ಪಟ್ಟು. ಹೀಗಾದದ್ದು ಮತವನ್ನು ಎಣಿಸಿದ ಮೇಲೆ ಎಣಿಕೆಯನ್ನು ಪಕ್ಕಕ್ಕಿಟ್ಟು, ಕೇವಲ ಸ್ಥಾನಕ್ಕೆ ಅಂಕ ಕೊಟ್ಟಿದ್ದರಿಂದ. ಮೊದಲನೆಯವರಿಗೆ 30, ಎರಡನೆಯವರಿಗೆ 25, ಮೂರನೆಯವರಿಗೆ 20. ಮೊದಲನೆಯವರು ಒಂದು ಮತದಿಂದ ಮುಂದಿದ್ದರೂ ಅಷ್ಟೇ, ಲಕ್ಷ ಮತದಿಂದ ಮುಂದಿದ್ದರೂ ಅಷ್ಟೇ. ಶಾಲೆಯಲ್ಲಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿಗೆ 'ಫಸ್ಟ್', ಐದು ತೆಗೆದವನಿಗೆ 'ಥರ್ಡ್' ಎಂದು ಬರೆದು, ಅಂಕಪಟ್ಟಿ ಹರಿದುಹಾಕಿದ ಹಾಗೆ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ತೀರ್ಪುಗಾರರ ಅಂಕ ಹಾಗೇ ಇರಲಿ, ಮಾದರಿ ಗುಂಪಿನದೂ ಹಾಗೇ ಇರಲಿ. ಫೋನ್ ಮತದಲ್ಲಿ ಮೊದಲನೆಯವರಿಗೆ ಅದೇ 30 ಕೊಟ್ಟು, ಉಳಿದವರಿಗೆ ಮತದ ಅನುಪಾತದಲ್ಲಿ ಹಂಚಿದರೆ ಶನೆಲ್‌ಗೆ ಬರುವುದು 20 ಅಲ್ಲ, ಎರಡಕ್ಕೂ ಕಡಿಮೆ. ಆಕೆಯ ಮೊತ್ತ 78ರ ಆಸುಪಾಸು. ಶೇ. 18.08 ಮತ ಪಡೆದಿದ್ದ ಬಂದೀನಿಯ ಮೊತ್ತ 74ರ ಆಸುಪಾಸು. ತಾನ್‌ಶುಗೇಯ್ರಾಸ್ 90ರಲ್ಲೇ ಇರುತ್ತಾರೆ. ತೀರ್ಪುಗಾರರ ಒಂದು ಅಂಕವನ್ನೂ ಮುಟ್ಟದೆ, ಅವರ ಅರ್ಧ ಪಾಲಿಗೆ ಕೈ ಹಚ್ಚದೆ, ಫಲಿತಾಂಶ ತಲೆಕೆಳಗಾಗುತ್ತದೆ. ಆದ್ದರಿಂದ 'ಜನ ಒಂದು ಕಡೆ, ಪರಿಣತರು ಇನ್ನೊಂದು ಕಡೆ' ಎಂಬ ಹಳೆಯ ಜಗಳ ಇಲ್ಲಿ ಹೊಂದುವುದಿಲ್ಲ. ಪರಿಣತರಿಗೆ ಅರ್ಧ ಪಾಲು ಕೊಡಿ, ಅಡ್ಡಿಯಿಲ್ಲ. ಜನರಿಗೆ ಕಾಲು ಪಾಲು ಎಂದು ಹೇಳಿದ ಮೇಲೆ ಆ ಕಾಲನ್ನಾದರೂ ಪೂರ್ತಿ ಕೊಡಿ.

ಈ ನಿಯಮವನ್ನು ಸಮರ್ಥಿಸುವವರ ಮೊದಲ ವಾದ, ಫೋನ್ ಮತವನ್ನು ನಂಬಲಾಗದು ಎಂಬುದು. ಒಂದು ಪ್ರಾಂತ್ಯದವರು ಅಭಿಮಾನಕ್ಕೆ ಬಿದ್ದು ಗುಂಪುಗೂಡಿ ಮತ ಒತ್ತಿದರೆ ಅದು ದೇಶದ ಅಭಿಪ್ರಾಯ ಆದೀತೆ? ಈ ಅನುಮಾನ ಸುಳ್ಳಲ್ಲ. 2007ರ 'ಇಂಡಿಯನ್ ಐಡಲ್' ನೆನಪಿರುವವರಿಗೆ ಇದು ಗೊತ್ತು. ಡಾರ್ಜಿಲಿಂಗಿನ ನೇಪಾಳಿ ಮಾತಿನ ಹುಡುಗ, ಕೋಲ್ಕತ್ತ ಪೊಲೀಸಿನ ಪ್ರಶಾಂತ್ ತಮಾಂಗ್ ಗೆದ್ದದ್ದು ಬೆಟ್ಟದ ಊರುಗಳೆಲ್ಲ ಒಟ್ಟಾಗಿ ಎಸ್ಸೆಮ್ಮೆಸ್ ಕಳಿಸಿದ್ದರಿಂದ. ಆ ಬೆಂಬಲವನ್ನು ಕಟ್ಟುವುದರಲ್ಲಿ ಮುಂದಿದ್ದ ಬಿಮಲ್ ಗುರುಂಗ್ ಅದೇ ವರ್ಷ ಗೋರ್ಖಾ ಜನಮುಕ್ತಿ ಮೋರ್ಚಾ ಸ್ಥಾಪಿಸಿದರು. ಹಾಡಿನ ಮತ ಬರೀ ಹಾಡಿನ ಮತವಾಗಿ ಉಳಿಯಲಿಲ್ಲ. ತಮ್ಮ ಭಾಷೆಯ ಒಬ್ಬ ಹುಡುಗ ದೇಶದ ಪರದೆಯ ಮೇಲೆ ಕಾಣಿಸಿದ್ದೇ ಅಲ್ಲಿ ಸುದ್ದಿ.

ಆದರೆ ಸ್ಪೇನಿನ ನಿಯಮ ಬರೆದವರಿಗೆ ಈ ಅಪಾಯ ಗೊತ್ತಿತ್ತು. ಅದಕ್ಕೆಂದೇ ಮಾದರಿ ಗುಂಪನ್ನು ಇಟ್ಟದ್ದು. ಗುಂಪುಗೂಡಿ ಒತ್ತಲಾಗದ, ದುಡ್ಡು ಸುರಿಯಲಾಗದ, ಇಡೀ ದೇಶದಿಂದ ಆರಿಸಿ ತಂದ ಜನ. ಆ ಗುಂಪೂ 'ತೆರ್ರಾ'ಗೇ ಮೊದಲ ಸ್ಥಾನ ಕೊಟ್ಟಿತು. ಅಲ್ಲಿಗೆ 'ಗಲೀಸಿಯಾದವರ ಗದ್ದಲ' ಎಂಬ ವಾದ ಬಿದ್ದುಹೋಗಬೇಕಿತ್ತು. ಗಲೀಸಿಯನ್ ಮನೆಮಾತಲ್ಲದ ಸ್ಪೇನ್ ಕೂಡ ಗಲೀಸಿಯನ್ ಹಾಡನ್ನು ಮೆಚ್ಚಿತ್ತು. ಸಂಸ್ಥೆ ತಾನೇ ತಂದಿಟ್ಟ ತಕ್ಕಡಿ ತೋರಿಸಿದ ತೂಕ ಅದು.

ಎರಡನೆಯ ವಾದ ಇನ್ನೂ ಗಟ್ಟಿಯದು. 2022ರ ಮೇ 14ರಂದು ಟುರಿನ್‌ನಲ್ಲಿ ಶನೆಲ್ 459 ಅಂಕ ಪಡೆದು ಮೂರನೆಯವರಾದರು. 1995ರ ನಂತರ ಸ್ಪೇನಿಗೆ ಇಷ್ಟು ಮೇಲಿನ ಸ್ಥಾನ ಸಿಕ್ಕಿರಲಿಲ್ಲ. 'ನೋಡಿ, ತೀರ್ಪುಗಾರರೇ ಸರಿ' ಎಂದು ಎಲ್ಲರೂ ಎದೆ ತಟ್ಟಿಕೊಂಡರು. ಶನೆಲ್ ಅದಕ್ಕೆ ಅರ್ಹರಾಗಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫಲಿತಾಂಶ ಚೆನ್ನಾಗಿ ಬಂತೆಂದು ನಿಯಮ ನ್ಯಾಯವಾಗುವುದಿಲ್ಲ. ಮರುವರ್ಷ ಅದೇ ಬೆನಿಡೋರ್ಮ್ ವೇದಿಕೆಯಿಂದ, ತೀರ್ಪುಗಾರರ ಮೆಚ್ಚುಗೆಯನ್ನೂ ಪಡೆದು ಹೋದ ಬ್ಲಾಂಕಾ ಪಲೋಮಾ ಲಿವರ್‌ಪೂಲಿನಲ್ಲಿ 17ನೆಯವರಾದರು. ತೀರ್ಪುಗಾರರು ಜೋಯಿಸರಲ್ಲ. ಟುರಿನ್‌ನಲ್ಲೇ 631 ಅಂಕದಿಂದ ಗೆದ್ದ ಯುಕ್ರೇನಿನ ಕಾಲುಶ್ ಆರ್ಕೆಸ್ಟ್ರಾ ತಮ್ಮ ದೇಶದ ಆಯ್ಕೆಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಅಲ್ಲಿನ ಫೋನ್ ಮತದಲ್ಲಿ ಅವರೇ ಮೊದಲು, ತೀರ್ಪುಗಾರರಿಗೆ ಅಲೀನಾ ಪಾಶ್ ಹೆಚ್ಚು ಹಿಡಿಸಿದ್ದರು. ಪಾಶ್ ಹಿಂದೆ ಕ್ರಿಮಿಯಾಕ್ಕೆ ಹೋಗಿಬಂದ ಕಾಗದಪತ್ರಗಳ ವಿವಾದದಲ್ಲಿ ಹಿಂದೆ ಸರಿದ ಮೇಲೆ ಕಾಲುಶ್‌ಗೆ ಅವಕಾಶ ಸಿಕ್ಕಿತು. ಆ ಗೆಲುವಿನ ಹಿಂದೆ ಯುದ್ಧವಿತ್ತು, ನಿಜ. ಆದರೆ ಹಾಡಿದ್ದು ಯುಕ್ರೇನಿಯನ್‌ನಲ್ಲಿ, ಜನಪದ ಕೊಳಲಿನ ಜೊತೆ. ಹೊರಗಿನವರಿಗೆ ಅರ್ಥವಾಗದು ಎಂಬ ಭಯ ಅಲ್ಲಿ ನಿಜವಾಗಲಿಲ್ಲ.

ಇನ್ನೊಂದು ಉದಾಹರಣೆಯನ್ನು ಬಚ್ಚಿಡುವುದು ಸರಿಯಲ್ಲ. ಅದೇ ಟುರಿನ್‌ಗೆ ಫ್ರಾನ್ಸ್ ಕಳಿಸಿದ ಹಾಡು ಬ್ರೆಟನ್ ಭಾಷೆಯದು. 'ಗಣರಾಜ್ಯದ ಭಾಷೆ ಫ್ರೆಂಚ್' ಎಂದು 1992ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಹಾಡು 24ನೆಯ ಸ್ಥಾನಕ್ಕೆ ಬಂತು, ಕೊನೆಯಿಂದ ಎರಡನೆಯದು. 'ತೆರ್ರಾ' ಹೋಗಿದ್ದರೂ ಹಾಗೇ ಆಗುತ್ತಿತ್ತೇನೋ. ಆದರೂ ಫ್ರಾನ್ಸ್ ಮುಳುಗಲಿಲ್ಲ. ಸೋತ ಹಾಡು ಅದರ ಜನರೂ ತೀರ್ಪುಗಾರರೂ ಸೇರಿ ಆರಿಸಿದ ಹಾಡಾಗಿತ್ತು. ಸೋಲುವ ಹಕ್ಕೂ ಒಂದು ಹಕ್ಕು. ಸ್ಪ್ಯಾನಿಷ್ ಹಾಡುಗಳು ಎಷ್ಟೋ ವರ್ಷ ತಳ ಕಂಡಿವೆ, ಅದಕ್ಕಾಗಿ ಸ್ಪ್ಯಾನಿಷಿನಲ್ಲಿ ಹಾಡಬೇಡಿ ಎಂದು ಯಾರೂ ಹೇಳಲಿಲ್ಲ. ಸೋತರೆ ಭಾಷೆಯ ಮೇಲೆ ತಪ್ಪು ಬೀಳುವುದು ಚಿಕ್ಕ ಭಾಷೆಗಳಿಗೆ ಮಾತ್ರ.

ಮೂರನೆಯ ವಾದ ಇಟಲಿಯಿಂದ ಬರುತ್ತದೆ. 2019ರ ಸಾನ್‌ರೆಮೊ ಉತ್ಸವದಲ್ಲಿ ಕೊನೆಯ ಮೂವರಲ್ಲಿ ಫೋನ್ ಮತ ಹೀಗಿತ್ತು: ಉಲ್ತಿಮೊಗೆ ಶೇ. 46.5, ಇಲ್ ವೋಲೊಗೆ 39.4, ಮಹ್ಮೂದ್‌ಗೆ 14.1. ಗೆದ್ದದ್ದು ಮಹ್ಮೂದ್. ತಂದೆ ಈಜಿಪ್ಟಿನವರು, ಮಹ್ಮೂದ್ ಹುಟ್ಟಿದ್ದು ಮಿಲಾನಿನಲ್ಲಿ. ಬಲಪಂಥದ ಮುಖಂಡ ಸಾಲ್ವಿನಿ ತನಗೆ ಉಲ್ತಿಮೊ ಹಾಡೇ ಇಷ್ಟವೆಂದು ಮೂಗು ಮುರಿದರು. ಹಾಗಾದರೆ ತೀರ್ಪುಗಾರರು ಹೊರಗಿನವನೆನಿಸಿಕೊಂಡವನಿಗೆ ಆಸರೆಯಾದರಲ್ಲ? ಆದರು. ತೀರ್ಪುಗಾರರು ಇರಲೇಬಾರದು ಎಂಬುದಕ್ಕೆ ಇದು ಒಳ್ಳೆಯ ಉತ್ತರ. ಆದರೆ ಅಲ್ಲಿ ಲೆಕ್ಕ ನೇರವಾಗಿತ್ತು. ಉಲ್ತಿಮೊಗೆ ಬಂದ 46.5, ಜನರ ಪಾಲಿನಲ್ಲಿ 46.5 ಆಗಿಯೇ ಉಳಿಯಿತು. ಮಹ್ಮೂದ್ ಆ ಅಂತರವನ್ನು ಉಳಿದ ಪಾಲಿನಲ್ಲಿ ದುಡಿದು ತುಂಬಬೇಕಾಯಿತು, ತುಂಬಿದರು. ಸೋತವರ ಮತ ಅಲ್ಲಿ ಕರಗಿಹೋಗಲಿಲ್ಲ. ಅಂಥ ಸೋಲನ್ನು ಒಪ್ಪಿಕೊಳ್ಳಬಹುದು.

ಸ್ಪೇನಿನಲ್ಲಿ ಈ ಲೆಕ್ಕಕ್ಕೆ ಹಿಂದಿನ ನೆನಪೂ ಅಂಟಿಕೊಂಡಿದೆ. 1968ರಲ್ಲಿ ಯೂರೋವಿಷನ್‌ಗೆ ಹಾಡಲು ಆರಿಸಲಾಗಿದ್ದದ್ದು ಜುವಾನ್ ಮನುಯೆಲ್ ಸೆರಾತ್ ಅವರನ್ನು. ತಮ್ಮ ಮಾತಾದ ಕತಲಾನ್‌ನಲ್ಲಿ ಹಾಡುತ್ತೇನೆಂದು ಅವರು ಹಟ ಹಿಡಿದರು. ಫ್ರಾಂಕೊ ಆಡಳಿತದ ಸ್ಪೇನ್ ಒಪ್ಪಲಿಲ್ಲ. ಕೊನೆ ಗಳಿಗೆಯಲ್ಲಿ ಮಸಿಯೆಲ್ ಬಂದು ಅದೇ ಹಾಡನ್ನು ಸ್ಪ್ಯಾನಿಷಿನಲ್ಲಿ ಹಾಡಿದರು. ಲಂಡನ್ನಿನಲ್ಲಿ ಒಂದೇ ಅಂಕದಿಂದ ಕ್ಲಿಫ್ ರಿಚರ್ಡ್‌ರನ್ನು ಹಿಂದಿಕ್ಕಿ ಸ್ಪೇನ್ ಮೊದಲ ಬಾರಿಗೆ ಗೆದ್ದಿತು. 'ಗೆದ್ದೆವಲ್ಲ' ಎಂಬ ಮಾತು ಆಗಲೂ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಿತು.

ಫ್ರಾಂಕೊ ಹೋದರು. 1978ರ ಸಂವಿಧಾನ ಸ್ಪ್ಯಾನಿಷನ್ನು ಎಲ್ಲರೂ ತಿಳಿದಿರಬೇಕಾದ ಭಾಷೆ ಎಂದಿತು, ಉಳಿದ ಭಾಷೆಗಳಿಗೆ ಅವುಗಳ ಪ್ರಾಂತ್ಯದಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. ಆದರೆ 1961ರಿಂದ ಯೂರೋವಿಷನ್‌ಗೆ ಹೋಗುತ್ತ ಬಂದ ಸ್ಪೇನ್ ಒಮ್ಮೆಯೂ ಪೂರ್ತಿ ಕತಲಾನ್, ಬಾಸ್ಕ್ ಅಥವಾ ಗಲೀಸಿಯನ್ ಹಾಡು ಕಳಿಸಿಲ್ಲ. 2016ರಲ್ಲಿ ಪೂರ್ತಿ ಇಂಗ್ಲಿಷ್ ಹಾಡು ಕಳಿಸಿತು. ಕತಲಾನ್ ಆ ವೇದಿಕೆ ಹತ್ತಿದ್ದು ಬೆಟ್ಟದ ಪುಟ್ಟ ದೇಶ ಅಂಡೋರಾ 2004ರಿಂದ 2009ರವರೆಗೆ ಭಾಗವಹಿಸಿದ್ದರಿಂದ. ಲಕ್ಷ ಜನರೂ ಇಲ್ಲದ ದೇಶಕ್ಕೆ ಆದದ್ದು ಕತಲಾನ್ ಆಡುವ ಲಕ್ಷಾಂತರ ಪ್ರಜೆಗಳಿರುವ ದೇಶಕ್ಕೆ ಆಗಲಿಲ್ಲ. 2022ರಲ್ಲಿ ಯಾರೂ ಗಲೀಸಿಯನ್ನನ್ನು ನಿಷೇಧಿಸಲಿಲ್ಲ. ವೇದಿಕೆಗೆ ಕರೆದರು, ಚಪ್ಪಾಳೆ ತಟ್ಟಿದರು, ಮತವನ್ನೂ ಹಾಕಿಸಿದರು. ಆಮೇಲೆ ಒಂದು ಕೋಷ್ಟಕ ತನ್ನ ಕೆಲಸ ಮಾಡಿತು. ಇದು ಸಂಚಲ್ಲ. ಸಂಚಿಲ್ಲದೆಯೂ ಹಳೆಯ ಫಲಿತಾಂಶವೇ ಬರುತ್ತಿದ್ದರೆ, ಆ ಕೋಷ್ಟಕ ಬರೆಯುವಾಗ ಯಾರಿಗೂ ಈ ಇತಿಹಾಸದ ಪರಿವೆ ಇರಲಿಲ್ಲ ಎಂದರ್ಥ. ಮುಂಬೈ, ದೆಹಲಿ, ಚೆನ್ನೈಗಳಲ್ಲಿ 'ರಾಷ್ಟ್ರಮಟ್ಟದ' ಎಂಬ ವಿಶೇಷಣದ ಕೆಳಗೆ ತಮ್ಮ ಭಾಷೆ 'ಪ್ರಾದೇಶಿಕ' ಎಂಬ ಖಾನೆಗೆ ಜಾರುವುದನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ಪ್ರಾಮಾಣಿಕ ದಾರಿಗಳಿವೆ. ಒಂದು ಬ್ರಿಟನ್ನಿನದು. ಅಲ್ಲಿ ಬಿಬಿಸಿ 2021ರಲ್ಲಿ ಜನರನ್ನು ಕೇಳದೆ ತಾನೇ ಆರಿಸಿದ ಹಾಡಿಗೆ ಸೊನ್ನೆ ಅಂಕ ಬಂತು. 2022ರಲ್ಲೂ ತಾನೇ ಆರಿಸಿತು. ಸ್ಯಾಮ್ ರೈಡರ್ 466 ಅಂಕ ಪಡೆದು ಶನೆಲ್‌ಗಿಂತ ಒಂದು ಸ್ಥಾನ ಮೇಲೆ, ಎರಡನೆಯವರಾದರು. ಸೊನ್ನೆಯ ಹೊಣೆಯೂ ಬಿಬಿಸಿಯದು, ಬೆಳ್ಳಿಯ ಹೆಮ್ಮೆಯೂ ಬಿಬಿಸಿಯದು. ಜನರ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಗೆಲ್ಲುವುದೇ ಗುರಿ, ಅದಕ್ಕೆ ಪರಿಣತರ ಕಣ್ಣೇ ಬೇಕು ಎಂದಾದರೆ ಈ ದಾರಿಯನ್ನು ನೇರವಾಗಿ ಹಿಡಿಯಬಹುದು.

ಇನ್ನೊಂದು, ಜನರನ್ನು ಕೇಳುವ ದಾರಿ. ಕೇಳುವುದಾದರೆ ಜನರ ಪಾಲು ಎಷ್ಟೆಂದು ಮೊದಲೇ ಹೇಳಿ, ಅದನ್ನು ಮತದ ಅನುಪಾತದಲ್ಲೇ ಲೆಕ್ಕ ಹಾಕಬೇಕು. ತೀರ್ಪುಗಾರರು ತಾವು ಕೊಟ್ಟ ಅಂಕಕ್ಕೆ ಕಾರಣವನ್ನು ಹೆಸರು ಹಾಕಿ ಬರೆಯಬೇಕು. ಮಾದರಿ ಗುಂಪೂ ಫೋನ್ ಮತವೂ ಒಂದೇ ಹಾಡನ್ನು ಮೊದಲಿಟ್ಟಾಗ, ಅದನ್ನು ಬದಿಗೆ ಸರಿಸುವುದು ಒಂದು ಕೋಷ್ಟಕಕ್ಕೆ ಸಾಧ್ಯವಾಗಬಾರದು. ಇದ್ಯಾವುದಕ್ಕೂ ಹೊಸ ಕಾನೂನು ಬೇಡ, ಪ್ರಸಾರ ಸಂಸ್ಥೆಯ ಒಂದು ಸಭೆ ಸಾಕು.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ, ಬೆನಿಡೋರ್ಮ್‌ನಲ್ಲಿ ಹಿಡಿದದ್ದು ಅದನ್ನೇ. ಜನರನ್ನು ಕರೆದು, ದುಡ್ಡು ಪಡೆದು, ಉತ್ತರ ಬರೆಸಿಕೊಂಡು, ಉತ್ತರದಲ್ಲಿ ಎಷ್ಟು ಬೇಕೋ ಅಷ್ಟನ್ನೇ ಓದುವುದು. ಅದರಿಂದ ಒಳ್ಳೆಯ ಹಾಡು ಸಿಗಬಹುದು, ಸಿಕ್ಕಿತೂ. ಆದರೆ ಆ ರಾತ್ರಿ ಮೊದಲ ಬಾರಿಗೆ ತಮ್ಮ ಭಾಷೆಗಾಗಿ ಫೋನ್ ಎತ್ತಿದವರನ್ನು ಮುಂದಿನ ಸಲ ಕೇಳುವುದಕ್ಕೆ ಆ ಸಂಸ್ಥೆಗೆ ಯಾವ ಮುಖವಿದೆ?